ಜತ್ತಿಯವರ ಸಹಿ ಮತ್ತು ನಮ್ಮ ನೆನಪು

ಪುರಸಭೆಯ ಸದಸ್ಯತ್ವದಿಂದ ಹೊರಟು ರಾಷ್ಟ್ರಪತಿ ಭವನವನ್ನು ತಲುಪಿದವರು ಸ್ವತಂತ್ರ ಭಾರತದ ಚರಿತ್ರೆಯಲ್ಲಿ ಬಹಳ ಮಂದಿ ಸಿಗುವುದಿಲ್ಲ. ಬಸಪ್ಪ ದಾನಪ್ಪ ಜತ್ತಿಯವರು ಅಂತಹ ಕೆಲವರಲ್ಲಿ ಒಬ್ಬರು. ಜಮಖಂಡಿಯ ಪುರಸಭೆ, ಸಂಸ್ಥಾನದ ಶಾಸನಸಭೆ, ಮುಂಬೈ ವಿಧಾನಸಭೆ, ಮೈಸೂರು ರಾಜ್ಯದ ಮುಖ್ಯಮಂತ್ರಿ ಪದವಿ, ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಹುದ್ದೆ, ಒರಿಸ್ಸಾದ ರಾಜ್ಯಪಾಲ ಪದವಿ, ಉಪರಾಷ್ಟ್ರಪತಿ ಸ್ಥಾನ, ಕೊನೆಗೆ 1977ರಲ್ಲಿ ಸುಮಾರು ಐದೂವರೆ ತಿಂಗಳ ಕಾಲ ಹಂಗಾಮಿ ರಾಷ್ಟ್ರಪತಿ. ನಮ್ಮ ಸಂಸದೀಯ ವ್ಯವಸ್ಥೆ ಕಟ್ಟಿಕೊಂಡಿರುವ ಏಣಿಯ ಬಹುಪಾಲು ಮೆಟ್ಟಿಲುಗಳನ್ನು ಅವರು ಒಂದೊಂದಾಗಿ ಹತ್ತಿದರು. ಇಷ್ಟಾದರೂ ರಾಷ್ಟ್ರದ ರಾಜಕೀಯ ಇತಿಹಾಸದ ಪುಸ್ತಕಗಳಲ್ಲಿ ಅವರಿಗೆ ಸಿಕ್ಕಿರುವ ಜಾಗ ಬಹುಮಟ್ಟಿಗೆ ಒಂದೇ ಪ್ರಸಂಗದ್ದು. 1977ರ ಏಪ್ರಿಲ್ ಕೊನೆಯಲ್ಲಿ ಒಂದು ಕಡತಕ್ಕೆ ಸಹಿ ಹಾಕಲು ಅವರು ತೆಗೆದುಕೊಂಡ ಒಂದು ದಿನದ ಅವಧಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಪದವಿ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಪಾಠ ಹೇಳುತ್ತ ವೃತ್ತಿಜೀವನ ಕಳೆದವನು ನಾನು. ಸಂವಿಧಾನದ 74 ಮತ್ತು 356ನೇ ವಿಧಿಗಳ ಪಾಠ ಬಂದಾಗಲೆಲ್ಲ ಜತ್ತಿಯವರ ಹೆಸರು ಬರಲೇಬೇಕು. ಆಗ ತರಗತಿಯಲ್ಲಿ ನಾನು ಕಂಡದ್ದು ಎರಡು ಬಗೆಯ ಪ್ರತಿಕ್ರಿಯೆ. ನಮ್ಮ ಜಿಲ್ಲೆಯವರೊಬ್ಬರು ಅಲ್ಲಿಯವರೆಗೆ ಹೋಗಿದ್ದರೆಂಬ ಹೆಮ್ಮೆ ಒಂದು. ದೊಡ್ಡ ಕುರ್ಚಿಗಳಲ್ಲಿ ಕುಳಿತೂ ಏನನ್ನೂ ಮಾಡದ ಮನುಷ್ಯ ಎಂಬ ಉಡಾಫೆ ಇನ್ನೊಂದು. ಎರಡರಲ್ಲೂ ಮನುಷ್ಯನ ಬದುಕನ್ನು ತೂಗಿ ನೋಡುವ ತಾಳ್ಮೆ ಇರಲಿಲ್ಲ. ಆ ತೂಗುವ ಕೆಲಸವನ್ನು ಇಲ್ಲಿ ಮಾಡಬೇಕೆಂದಿದ್ದೇನೆ. ಅದಕ್ಕೆ ಕಾರಣ ಜತ್ತಿಯವರ ಮೇಲಿನ ಅಭಿಮಾನವಷ್ಟೇ ಅಲ್ಲ. ರಾಜ್ಯಪಾಲರು, ಸಭಾಪತಿಗಳು, ರಾಷ್ಟ್ರಪತಿಗಳು ತಮ್ಮನ್ನು ಆರಿಸಿದ ಪಕ್ಷಕ್ಕೆ ಎಷ್ಟು ಋಣಿಗಳು, ಸಂವಿಧಾನಕ್ಕೆ ಎಷ್ಟು ಋಣಿಗಳು ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಅದನ್ನು ಅರಿಯಲು ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ, ಸಾಧಾರಣ ಕುಟುಂಬವೊಂದರಲ್ಲಿ. ಅವರ ಬಾಲ್ಯದ ಕಾಲದಲ್ಲಿ ಈ ಸೀಮೆ ಎರಡು ಆಡಳಿತಗಳಿಗೆ ಹಂಚಿಹೋಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳು ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಇಲ್ಲಿಯ ರೈತನಿಗೆ ಸರಕಾರವೆಂದರೆ ವಿಜಾಪುರದ ಕಲೆಕ್ಟರ್. ಜಮಖಂಡಿಯಾದರೋ ಪಟವರ್ಧನ ಅರಸರ ಸಂಸ್ಥಾನ. ಭಾಷೆ, ಬೆಳೆ, ಬರ, ಬಾಂಧವ್ಯ ಎಲ್ಲವೂ ಒಂದೇ ಆಗಿದ್ದರೂ ಕಾನೂನು ಮಾತ್ರ ಬೇರೆ. ಸಂಸ್ಥಾನದ ಪ್ರಜೆಯಾಗಿ ಹುಟ್ಟಿದ ಹುಡುಗನಿಗೆ ಉನ್ನತ ಶಿಕ್ಷಣದ ದಾರಿ ಕೊಲ್ಹಾಪುರದತ್ತ ತೆರೆದಿತ್ತು. ಅಲ್ಲಿನ ರಾಜಾರಾಮ್ ಕಾಲೇಜಿನಲ್ಲಿ ಪದವಿ, ಸೈಕ್ಸ್ ಕಾನೂನು ಕಾಲೇಜಿನಲ್ಲಿ ಎಲ್‌ಎಲ್‌ಬಿ ಮುಗಿಸಿ ಅವರು ಜಮಖಂಡಿಗೆ ಮರಳಿ ವಕೀಲಿ ವೃತ್ತಿ ಆರಂಭಿಸಿದರು.

1940ರಲ್ಲಿ ಅವರು ಜಮಖಂಡಿ ಪುರಸಭೆಗೆ ಸದಸ್ಯರಾಗಿ ಆಯ್ಕೆಯಾದರು, 1945ರಲ್ಲಿ ಅದರ ಅಧ್ಯಕ್ಷರಾದರು. ಸಂಸ್ಥಾನದ ಶಾಸನಸಭೆಗೆ ಚುನಾಯಿತರಾಗಿ ಮಂತ್ರಿಯಾದರು. 1948ರ ಹೊತ್ತಿಗೆ ಸಂಸ್ಥಾನದ ಮುಖ್ಯಮಂತ್ರಿಯೂ ಆದರು. ಅಧಿಕಾರ ಕೈಗೆ ಬಂದ ಅದೇ ವರ್ಷ ಆ ಅಧಿಕಾರವೇ ಇಲ್ಲವಾಗುವ ಕೆಲಸಕ್ಕೆ ಅವರು ಕೈಹಾಕಬೇಕಾಯಿತು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು. ಸಂಸ್ಥಾನ ಹೋದ ಮೇಲೆ ಅದರ ಮುಖ್ಯಮಂತ್ರಿ ಮತ್ತೆ ಕೋರ್ಟಿನ ಕಟ್ಟೆ ಹತ್ತಿ ಸುಮಾರು 20 ತಿಂಗಳು ವಕೀಲಿ ಮಾಡಿದರು. ಕುರ್ಚಿ ಬಿಟ್ಟಿಳಿಯುವುದು ಅವರಿಗೆ ಮೊದಲಿನಿಂದಲೂ ಕಷ್ಟದ ಕೆಲಸವಾಗಿರಲಿಲ್ಲ.

ವಿಲೀನಗೊಂಡ ಪ್ರದೇಶಗಳ ಪ್ರತಿನಿಧಿಯಾಗಿ ಮುಂಬೈ ವಿಧಾನಸಭೆಗೆ ನಾಮಕರಣಗೊಂಡ ಒಂದು ವಾರದೊಳಗೆ ಅವರು ಮುಖ್ಯಮಂತ್ರಿ ಬಿ.ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿಯವರ ಮಂತ್ರಿಮಂಡಲದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿ. ಶಿಸ್ತಿಗೂ ಹಟಕ್ಕೂ ಹೆಸರಾದ ಮೊರಾರ್ಜಿಯವರ ಕೈಕೆಳಗೆ ನಾಲ್ಕು ವರ್ಷ ಆಡಳಿತ ಕಲಿತದ್ದು ಸಣ್ಣ ಸಂಗತಿಯಲ್ಲ. ಕಾಲು ಶತಮಾನದ ಬಳಿಕ ಇದೇ ಇಬ್ಬರು ದೆಹಲಿಯಲ್ಲಿ ಎದುರುಬದುರಾಗಿ ನಿಲ್ಲಲಿದ್ದರು, ಸ್ಥಾನಗಳು ಅದಲುಬದಲಾಗಿ.

1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯ ಉದಯಿಸಿದಾಗ ಜತ್ತಿಯವರು ಬೆಂಗಳೂರಿಗೆ ಬಂದರು. ಹೊಸ ರಾಜ್ಯದಲ್ಲಿ ಐದು ಆಡಳಿತಗಳಿಂದ ಬಂದ ಐದು ಬಗೆಯ ಭೂಕಾನೂನುಗಳಿದ್ದವು. ಮುಂಬೈ ಭಾಗದ ರೈತನಿಗೆ 1948ರ ಗೇಣಿ ಕಾಯ್ದೆಯ ರಕ್ಷಣೆ ಕಾಗದದ ಮೇಲಾದರೂ ಇತ್ತು. ಹೈದರಾಬಾದ್, ಹಳೆಯ ಮೈಸೂರು, ಮದ್ರಾಸ್ ಮತ್ತು ಕೊಡಗು ಭಾಗಗಳಲ್ಲಿ ಪರಿಸ್ಥಿತಿ ಬೇರೆ ಬೇರೆ. ಇವನ್ನೆಲ್ಲ ಒಂದು ಸೂತ್ರಕ್ಕೆ ತರಲು ಸರಕಾರ 1957ರಲ್ಲಿ ನೇಮಿಸಿದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. ಅವರ ರಾಜಕೀಯ ಬದುಕಿನ ಅತ್ಯಂತ ಗಟ್ಟಿಯಾದ ಕೆಲಸ ಇದೇ ಎಂದು ನನ್ನ ಭಾವನೆ.

ಇದನ್ನು ನಮ್ಮ ತಾಲ್ಲೂಕುಗಳ ಹಿನ್ನೆಲೆಯಲ್ಲಿ ನೋಡಬೇಕು. ಡೋಣಿ ಮತ್ತು ಭೀಮೆಯ ದಂಡೆಯ ಎರೆಭೂಮಿ ಹಿಂಗಾರಿ ಜೋಳಕ್ಕೆ ಹೇಳಿ ಮಾಡಿಸಿದ್ದು. ಆದರೆ ಮಳೆ ಕೈಕೊಟ್ಟ ವರ್ಷ ಅದೇ ಹೊಲ ಒಂದು ಸೇರು ಕಾಳನ್ನೂ ಕೊಡುವುದಿಲ್ಲ. ಪಾಲಿಗೋ ಲಾವಣಿಗೋ ಹೊಲ ಮಾಡುವವನು ಬೆಳೆ ಬಂದರೆ ಅರ್ಧ ಕೊಡಬೇಕು, ಬಾರದಿದ್ದರೆ ಸಾಲ ಹೊರಬೇಕು. ಬಾಯಿಮಾತಿನ ಕರಾರಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಜತ್ತಿ ಸಮಿತಿಯ ವರದಿಯ ತಳಹದಿಯ ಮೇಲೆ ರೂಪುಗೊಂಡ 1961ರ ಮೈಸೂರು ಭೂಸುಧಾರಣಾ ಕಾಯ್ದೆ ಗೇಣಿಗೆ ಮಿತಿ ಹಾಕಿತು, ಗೇಣಿದಾರನಿಗೆ ಭದ್ರತೆ ಕೊಟ್ಟಿತು, ಜಮೀನಿಗೆ 27 ಸ್ಟ್ಯಾಂಡರ್ಡ್ ಎಕರೆಗಳ ಮಿತಿ ವಿಧಿಸಿತು.

ಆ ಕಾಯ್ದೆಯಲ್ಲಿ ದೊಡ್ಡ ಕಂಡಿಗಳೂ ಇದ್ದವು. ಸ್ವಂತ ಸಾಗುವಳಿಯ ನೆಪದಲ್ಲಿ ಒಡೆಯನು ಹೊಲ ಮರಳಿ ಪಡೆಯಬಹುದಿತ್ತು. ಜಾರಿಗೆ ಬಂದದ್ದು 1965ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಜಮೀನುಗಳನ್ನು ಹೆಸರು ಬದಲಿಸಿ ಹಂಚಿಕೊಳ್ಳಲು ಬೇಕಾದಷ್ಟು ಸಮಯ ಸಿಕ್ಕಿತ್ತು. ಗೇಣಿ ಪದ್ಧತಿಯನ್ನೇ ಕಿತ್ತೊಗೆಯುವ ಕೆಲಸ ಆದದ್ದು 1974ರಲ್ಲಿ, ದೇವರಾಜ ಅರಸರ ತಿದ್ದುಪಡಿಯಿಂದ. ಅರಸರಿಗೆ ಸಂದ ಕೀರ್ತಿ ನ್ಯಾಯವಾದದ್ದೇ. ಆದರೆ ಅವರು ತಿದ್ದುಪಡಿ ಮಾಡಿದ್ದು ಯಾವ ಕಾಯ್ದೆಗೆ ಎಂಬುದನ್ನು ನಾವು ಮರೆಯುತ್ತೇವೆ. ಜತ್ತಿಯವರ ಶಕ್ತಿ ಮತ್ತು ಮಿತಿ ಎರಡೂ ಈ ಕಾಯ್ದೆಯಲ್ಲೇ ಕಾಣುತ್ತವೆ. ಅವರು ದಾರಿಯನ್ನು ಸರಿಯಾಗಿ ಗುರುತಿಸಬಲ್ಲವರು. ಆ ದಾರಿಗೆ ಅಡ್ಡ ನಿಂತವರನ್ನು ಎದುರುಹಾಕಿಕೊಳ್ಳುವವರಲ್ಲ.

1958ರ ಮೇ ತಿಂಗಳಲ್ಲಿ ಪಕ್ಷದ ಒಳಜಗಳದಿಂದ ಎಸ್. ನಿಜಲಿಂಗಪ್ಪನವರು ಕೆಳಗಿಳಿದಾಗ ಶಾಸಕಾಂಗ ಪಕ್ಷ ಜತ್ತಿಯವರನ್ನು ನಾಯಕರನ್ನಾಗಿ ಆರಿಸಿತು. ಮುಂಬೈ ಪ್ರಾಂತ್ಯದಿಂದ ಬಂದ ಜಿಲ್ಲೆಗಳವರೊಬ್ಬರು ಮುಖ್ಯಮಂತ್ರಿಯಾದದ್ದು ಅದೇ ಮೊದಲು. ಹುಟ್ಟಿ ಎರಡು ವರ್ಷವೂ ತುಂಬದ ರಾಜ್ಯದಲ್ಲಿ, ಹಳೆಯ ಮೈಸೂರಿನ ಹಿರಿಯರ ನಡುವೆ, ಸ್ವಂತ ಬಣವೆಂಬುದೇ ಇಲ್ಲದ ವ್ಯಕ್ತಿ 1962ರ ಮಾರ್ಚ್‌ವರೆಗೆ ಸರಕಾರ ನಡೆಸಿದರು. ಈ ಅವಧಿಯಲ್ಲೇ 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ಬಂದು, ಗ್ರಾಮ ಪಂಚಾಯಿತಿ, ತಾಲ್ಲೂಕು ಅಭಿವೃದ್ಧಿ ಮಂಡಳಿ, ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಮೂರು ಹಂತಗಳ ವ್ಯವಸ್ಥೆ ಇಡೀ ರಾಜ್ಯಕ್ಕೆ ಏಕರೂಪವಾಗಿ ಅನ್ವಯವಾಯಿತು. ಪುರಸಭೆಯಿಂದ ಬಂದವರಿಗೆ ಸ್ಥಳೀಯ ಸಂಸ್ಥೆಗಳ ಬೆಲೆ ಗೊತ್ತಿತ್ತು. ಸಿಂದಗಿ, ಮುದ್ದೇಬಿಹಾಳದಂತಹ ಊರುಗಳ ಎಷ್ಟೋ ಮಂದಿ ರಾಜಕಾರಣದ ಮೊದಲ ಅಕ್ಷರ ಕಲಿತದ್ದು ತಾಲ್ಲೂಕು ಮಂಡಳಿಗಳ ಸಭೆಗಳಲ್ಲಿ.

1962ರ ಪ್ರಸಂಗ ಸ್ವಾರಸ್ಯಕರವಾದುದು. ಆ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದರೂ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಹುನಗುಂದದ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾಗಿ, ಮೂರು ತಿಂಗಳ ಬಳಿಕ ಸ್ಥಾನ ತೆರವು ಮಾಡಿ, ಬಾಗಲಕೋಟೆಯಿಂದ ವಿಧಾನಸಭೆಗೆ ಬಂದ ನಿಜಲಿಂಗಪ್ಪನವರಿಗೆ ಅದನ್ನು ಬಿಟ್ಟುಕೊಟ್ಟರು. ಹಿಂದಿನ ಮುಖ್ಯಮಂತ್ರಿ ಜಮಖಂಡಿಯವರು, ನಡುವಿನವರು ಹುನಗುಂದದವರು, ಮುಂದಿನವರಿಗೆ ಕ್ಷೇತ್ರ ಕೊಟ್ಟದ್ದು ಬಾಗಲಕೋಟೆ. ಮೂರೂ ಅಂದಿನ ಅವಿಭಜಿತ ವಿಜಾಪುರ ಜಿಲ್ಲೆಯೇ. ಭರತನ ಹಾಗೆ ರಾಜ್ಯ ಮರಳಿಸಿದರೆಂದು ಕಂಠಿಯವರನ್ನು ಜನ ಇಂದಿಗೂ ಹೊಗಳುತ್ತಾರೆ. ನಾಲ್ಕು ವರ್ಷ ಮುಖ್ಯಮಂತ್ರಿಯಾಗಿದ್ದು, ಅದೇ ನಿಜಲಿಂಗಪ್ಪನವರ ಕೈಕೆಳಗೆ ಹಣಕಾಸು ಮಂತ್ರಿಯಾಗಲು ಒಪ್ಪಿದ ಜತ್ತಿಯವರ ನಡೆ ಅದಕ್ಕಿಂತ ಸಣ್ಣದೇನಲ್ಲ.

ಅವರು ಆ ಸಂಪುಟದಲ್ಲಿದ್ದಾಗಲೇ, 1964ರ ಮೇ 22ರಂದು, ಅಂದು ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಯ ಶಂಕುಸ್ಥಾಪನೆ ಮಾಡಿದರು. ಜಲಾಶಯ ರಾಷ್ಟ್ರಕ್ಕೆ ಸಮರ್ಪಿತವಾದದ್ದು 2006ರಲ್ಲಿ. ನಡುವೆ 42 ವರ್ಷಗಳು. ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ, ಹಣಕಾಸು ಮಂತ್ರಿಯನ್ನೂ ಕೊಟ್ಟ ಜಿಲ್ಲೆ, ನೀರಿಗಾಗಿ ಎರಡು ತಲೆಮಾರು ಕಾದಿತು. ಉಡಾಫೆಯ ಮಾತಿಗೆ ಮೂಲ ಇದೇ. ಕಾರಣಗಳು ಅಂತರರಾಜ್ಯ ಜಲವಿವಾದದಿಂದ ಹಿಡಿದು ಹಣದ ಕೊರತೆಯವರೆಗೆ ಹಲವು. ಒಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ತಮ್ಮ ಸೀಮೆಗಾಗಿ ಮೇಜು ಗುದ್ದಿ ಕೇಳುವ ಸ್ವಭಾವ ಜತ್ತಿಯವರದ್ದಾಗಿರಲಿಲ್ಲ ಎಂಬುದೂ ನಿಜ.

ಅದೇ 1964ರಲ್ಲಿ ಅವರು ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡವರು; ಅಧಿಕಾರದ ಒಳಗಿದ್ದುಕೊಂಡೇ ಅಧಿಕಾರಕ್ಕೆ ಎದುರಾಗುವ ಧರ್ಮಸಂಕಟವನ್ನು ಅನುಭವಿಸಿದವರು. ವಚನಗಳನ್ನು ಕನ್ನಡದಾಚೆಗೆ, ಭಾರತದ ಹಲವು ಭಾಷೆಗಳಿಗೆ ಕೊಂಡೊಯ್ದ ಸಮಿತಿಯ ಕೆಲಸ ಸಂಸ್ಥಾಪಕರು ತೀರಿಕೊಂಡ ನಂತರವೂ ಮುಂದುವರಿದಿದೆ. ಜತ್ತಿಯವರು ಹೊಂದಿದ್ದ ಪದವಿಗಳೆಲ್ಲ ಬೇರೆಯವರಿಗೆ ಹೋದವು. ಕಟ್ಟಿದ ಸಂಸ್ಥೆಯೊಂದು ಅವರ ಹೆಸರಿನಲ್ಲಿ ಉಳಿಯಿತು.

1968ರ ಅಕ್ಟೋಬರ್‌ನಲ್ಲಿ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಆಗುವುದರೊಂದಿಗೆ ಅವರ ಚುನಾವಣಾ ರಾಜಕಾರಣ ಮುಗಿಯಿತು, ಸಾಂವಿಧಾನಿಕ ಹುದ್ದೆಗಳ ಕಾಲ ಆರಂಭವಾಯಿತು. 1972ರ ನವೆಂಬರ್‌ನಲ್ಲಿ ಒರಿಸ್ಸಾದ ರಾಜ್ಯಪಾಲರಾದರು. ನಾಲ್ಕೇ ತಿಂಗಳಲ್ಲಿ ಮೊದಲ ಅಗ್ನಿಪರೀಕ್ಷೆ ಬಂತು. 1973ರ ಮಾರ್ಚ್ ಆರಂಭದಲ್ಲಿ ಪಕ್ಷಾಂತರದಿಂದ ಬಹುಮತ ಕಳೆದುಕೊಂಡ ಕಾಂಗ್ರೆಸ್ ಮುಖ್ಯಮಂತ್ರಿ ನಂದಿನಿ ಸತ್ಪಥಿ ರಾಜೀನಾಮೆ ಕೊಟ್ಟರು. ವಿರೋಧ ಪಕ್ಷಗಳ ಕೂಟದ ನಾಯಕ ಬಿಜು ಪಟ್ನಾಯಕ್ ತಮಗೆ ಬಹುಮತವಿದೆ, ಸರಕಾರ ರಚಿಸಲು ಕರೆಯಿರಿ ಎಂದು ಹಕ್ಕು ಮಂಡಿಸಿದರು. ರಾಜ್ಯಪಾಲರು ಕರೆಯಲಿಲ್ಲ. ಪಕ್ಷಾಂತರಿಗಳನ್ನು ನೆಚ್ಚಿದ ಸರಕಾರ ನಿಲ್ಲಲಾರದೆಂಬ ಆಧಾರದ ಮೇಲೆ ರಾಷ್ಟ್ರಪತಿ ಆಡಳಿತಕ್ಕೆ ಶಿಫಾರಸು ಮಾಡಿದರು. ಮಾರ್ಚ್ 3ರಂದು ಅದು ಜಾರಿಯಾಯಿತು, ವಿಧಾನಸಭೆ ವಿಸರ್ಜನೆಯಾಯಿತು. ಪ್ರಕರಣ ಒರಿಸ್ಸಾ ಹೈಕೋರ್ಟಿನ ಮೆಟ್ಟಿಲೇರಿದರೂ ಆದೇಶ ಉಳಿಯಿತು. ಬಹುಮತ ಇದೆಯೋ ಇಲ್ಲವೋ ಎಂಬುದನ್ನು ಸದನದಲ್ಲಿ ಎಣಿಸಿ ನೋಡುವ ಅವಕಾಶ ಮಾತ್ರ ತಪ್ಪಿಹೋಯಿತು. ಕೇಂದ್ರದಲ್ಲಿದ್ದ ಪಕ್ಷಕ್ಕೆ ಆ ತೀರ್ಮಾನ ಅನುಕೂಲಕರವಾಗಿತ್ತು ಎಂಬುದನ್ನು ಅಲ್ಲಗಳೆಯುವಂತಿಲ್ಲ.

1974ರ ಆಗಸ್ಟ್‌ನಲ್ಲಿ ಜತ್ತಿಯವರು ಎನ್.ಇ. ಹೋರೋ ಅವರನ್ನು 521ಕ್ಕೆ 141 ಮತಗಳಿಂದ ಸೋಲಿಸಿ ಉಪರಾಷ್ಟ್ರಪತಿಯಾದರು. ಆ ನಾತೆಯಿಂದ ರಾಜ್ಯಸಭೆಯ ಸಭಾಪತಿ. ಹತ್ತು ತಿಂಗಳಲ್ಲಿ ತುರ್ತು ಪರಿಸ್ಥಿತಿ ಬಂತು. ವಿರೋಧ ಪಕ್ಷಗಳ ಸದಸ್ಯರು ಜೈಲಿನಲ್ಲಿದ್ದಾಗ ಸದನ ಸೇರಿತು. ಪ್ರಶ್ನೋತ್ತರ ವೇಳೆ ರದ್ದಾಯಿತು. ಸದನದ ಕಲಾಪದ ವರದಿಗೂ ಸೆನ್ಸಾರ್ ಬಿತ್ತು. 1976ರ ನವೆಂಬರ್ 15ರಂದು ಸುಬ್ರಮಣಿಯನ್ ಸ್ವಾಮಿಯವರನ್ನು ಸದನವೇ ನಿರ್ಣಯದ ಮೂಲಕ ಸದಸ್ಯತ್ವದಿಂದ ಹೊರಹಾಕಿತು. ಅದಕ್ಕೆ ನಾಲ್ಕು ದಿನ ಮೊದಲು, ನವೆಂಬರ್ 11ರಂದು, ಅದೇ ರಾಜ್ಯಸಭೆ ಸಂವಿಧಾನದ 42ನೇ ತಿದ್ದುಪಡಿಯನ್ನು ಅಂಗೀಕರಿಸಿತ್ತು. ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದು ಎಂದು 74ನೇ ವಿಧಿಯಲ್ಲಿ ಸ್ಪಷ್ಟವಾಗಿ ಬರೆದದ್ದು ಆ ತಿದ್ದುಪಡಿಯೇ. ಸಭಾಪತಿಗೆ ಸಾಮಾನ್ಯವಾಗಿ ಮತವಿಲ್ಲ, ಆದ್ದರಿಂದ ಹೊಣೆಯೂ ಕಡಿಮೆ ಎಂದು ವಾದಿಸಬಹುದು. ಆದರೆ ಸಭಾಪತಿಯ ಪೀಠಕ್ಕೆ ಸದನದ ಹಕ್ಕುಗಳನ್ನು ಕಾಯುವ ಹೊಣೆ ಇದೆ. ಆ ಹದಿನೆಂಟು ಇಪ್ಪತ್ತು ತಿಂಗಳಲ್ಲಿ ಪೀಠದಿಂದ ದೇಶ ನೆನಪಿಡುವಂತಹ ಒಂದು ಆಕ್ಷೇಪವೂ ಬರಲಿಲ್ಲ.

1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದರು. ಅಂದೇ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಮುಂದಿನ ಆರು ವಾರಗಳಲ್ಲಿ ಅವರ ಕಣ್ಣೆದುರು ನಡೆದದ್ದನ್ನು ನೋಡಿದ ರಾಷ್ಟ್ರಪತಿಗಳು ಬೇರೆ ಯಾರೂ ಇಲ್ಲ. ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರೇ ಸೋತರು. ಮಾರ್ಚ್ 21ರಂದು ತುರ್ತು ಪರಿಸ್ಥಿತಿ ಹಿಂತೆಗೆದುಕೊಳ್ಳಲ್ಪಟ್ಟಿತು. ಮಾರ್ಚ್ 24ರಂದು ದೇಶದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿಗೆ ಜತ್ತಿಯವರು ಪ್ರಮಾಣವಚನ ಬೋಧಿಸಿದರು. ಆ ಪ್ರಧಾನಿ, ಮುಂಬೈಯಲ್ಲಿ ಅವರನ್ನು ಉಪಮಂತ್ರಿ ಮಾಡಿದ್ದ ಮೊರಾರ್ಜಿ ದೇಸಾಯಿ. ಎಲ್ಲವೂ ಸಾಂಗವಾಗಿ ನಡೆಯಿತು. ಮೂವತ್ತು ವರ್ಷಗಳ ಆಡಳಿತ ಪಕ್ಷವೊಂದು ಅಧಿಕಾರ ಕಳೆದುಕೊಂಡಾಗ ರಾಷ್ಟ್ರಪತಿ ಭವನದಿಂದ ಯಾವ ಅಪಸ್ವರವೂ ಏಳಲಿಲ್ಲ. ಇದು ಅವರಿಗೆ ಸಲ್ಲಬೇಕಾದ ಗೌರವ.

ಅಪಸ್ವರ ಎದ್ದದ್ದು ಏಪ್ರಿಲ್‌ನಲ್ಲಿ. ಬಿಹಾರ, ಹರಿಯಾಣ, ಹಿಮಾಚಲ ಪ್ರದೇಶ, ಮಧ್ಯಪ್ರದೇಶ, ಒರಿಸ್ಸಾ, ಪಂಜಾಬ್, ರಾಜಸ್ಥಾನ, ಉತ್ತರ ಪ್ರದೇಶ, ಪಶ್ಚಿಮ ಬಂಗಾಳ ಎಂಬ ಒಂಬತ್ತು ರಾಜ್ಯಗಳಲ್ಲಿ ಕಾಂಗ್ರೆಸ್ ಸರಕಾರಗಳಿದ್ದವು. ಲೋಕಸಭೆಯಲ್ಲಿ ಅಲ್ಲಿಯ ಜನ ಆ ಪಕ್ಷವನ್ನು ತಿರಸ್ಕರಿಸಿರುವಾಗ ವಿಧಾನಸಭೆಗಳು ಮುಂದುವರಿಯುವುದು ಸರಿಯಲ್ಲ, ವಿಸರ್ಜನೆಗೆ ನೀವೇ ಸಲಹೆ ಮಾಡಿ ಎಂದು ಗೃಹಮಂತ್ರಿ ಚರಣ್ ಸಿಂಗ್ ಆ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 29ರಂದು ಅವುಗಳ ಅರ್ಜಿಗಳನ್ನು ವಜಾ ಮಾಡಿತು. ಕೂಡಲೇ ಮಂತ್ರಿಮಂಡಲದ ಶಿಫಾರಸು ರಾಷ್ಟ್ರಪತಿ ಭವನ ತಲುಪಿತು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ.

ಒಂದು ದಿನ ದೆಹಲಿ ಉಸಿರು ಬಿಗಿಹಿಡಿಯಿತು. ಆಗಸ್ಟ್ ಒಳಗೆ ಹೊಸ ರಾಷ್ಟ್ರಪತಿಯ ಆಯ್ಕೆ ನಡೆಯಬೇಕಿತ್ತು. ಅದರ ಮತದಾರರಲ್ಲಿ ವಿಧಾನಸಭೆಗಳ ಸದಸ್ಯರೂ ಇದ್ದಾರೆ. ಒಂಬತ್ತು ಸಭೆಗಳು ಉಳಿದರೆ ಲಾಭ ಯಾರಿಗೆಂಬುದು ಎಲ್ಲರಿಗೂ ಗೊತ್ತಿತ್ತು. ಹೀಗಾಗಿ ತಡವನ್ನು ಆಡಳಿತ ಪಕ್ಷ ಸಂವಿಧಾನದ ಸಂಶಯವೆಂದು ನೋಡಲಿಲ್ಲ, ಹಳೆಯ ನಿಷ್ಠೆಯೆಂದು ನೋಡಿತು. ಟೀಕೆಗಳ ಮಳೆ ಸುರಿಯಿತು. ಏಪ್ರಿಲ್ 30ರಂದು ಜತ್ತಿಯವರು ಸಹಿ ಹಾಕಿದರು. ಅದೇ ಜೂನ್‌ನಲ್ಲಿ ಆ ರಾಜ್ಯಗಳಿಗೆ ಚುನಾವಣೆ ನಡೆಯಿತು. ಕಾಂಗ್ರೆಸ್ ಎಲ್ಲ ಕಡೆಯೂ ಅಧಿಕಾರ ಕಳೆದುಕೊಂಡಿತು.

ಅವರ ಸಂಶಯ ತಪ್ಪಾಗಿತ್ತೇ? ನನ್ನ ಉತ್ತರ, ಇಲ್ಲ. ಲೋಕಸಭೆಯ ಫಲಿತಾಂಶವನ್ನು ಆಧರಿಸಿ, ಬಹುಮತವಿರುವ ರಾಜ್ಯ ಸರಕಾರವನ್ನು ವಜಾ ಮಾಡಬಹುದೆಂದರೆ ಒಕ್ಕೂಟ ವ್ಯವಸ್ಥೆಗೆ ಅರ್ಥವೇನು? ಆ ವರ್ಷದ ಕೊನೆಯ ದಿನ ಇದೇ ಜನತಾ ಸರಕಾರ ಕರ್ನಾಟಕದ ಅರಸು ಸರಕಾರವನ್ನೂ 356ನೇ ವಿಧಿಯಡಿ ವಜಾ ಮಾಡಿತು. ಮಾರ್ಚ್‌ನಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಬಂದಿದ್ದವು. ಜನಾದೇಶದ ತರ್ಕ ಇಲ್ಲಿ ಅನ್ವಯಿಸಲಿಲ್ಲ. 1980ರ ಫೆಬ್ರುವರಿಯಲ್ಲಿ ಮರಳಿ ಬಂದ ಇಂದಿರಾ ಗಾಂಧಿ ಮತ್ತೆ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದರು. ಹಿಂದಿನವರು ಹಾಕಿಕೊಟ್ಟ ದಾರಿ ಸಿದ್ಧವಾಗಿತ್ತು. ಜತ್ತಿಯವರು ಅಂದು ಅನುಮಾನಿಸಿದ ಬಾಗಿಲು ಒಮ್ಮೆ ತೆರೆದ ಮೇಲೆ ಯಾರು ಬೇಕಾದರೂ ಅದರೊಳಗೆ ನುಗ್ಗಬಹುದಾಗಿತ್ತು.

ಹಾಗಿದ್ದರೂ ಆ ಸಂಶಯಕ್ಕೆ ದೇಶದಲ್ಲಿ ಬೆಲೆ ಸಿಗಲಿಲ್ಲವೇಕೆ? ಉತ್ತರ ಅವರ ಹಿಂದಿನ ನಾಲ್ಕು ವರ್ಷಗಳಲ್ಲಿದೆ. 1973ರಲ್ಲಿ ಭುವನೇಶ್ವರದಲ್ಲಿ ಅನುಮಾನಿಸಿ ಬಿಜು ಪಟ್ನಾಯಕರಿಗೆ ಸದನದಲ್ಲಿ ಬಲ ತೋರಿಸಲು ಅವಕಾಶ ಕೊಟ್ಟಿದ್ದರೆ, 1975ರಲ್ಲಿ ಸಭಾಪತಿಯ ಪೀಠದಿಂದ ಜೈಲಿನಲ್ಲಿದ್ದ ಸದಸ್ಯರ ಪರವಾಗಿ ಒಂದು ಮಾತು ಹೊರಟಿದ್ದರೆ, 1977ರ ಏಪ್ರಿಲ್‌ನ ಒಂದು ದಿನದ ತಡವನ್ನು ಜನ ಆತ್ಮಸಾಕ್ಷಿಯ ನಡೆ ಎಂದು ಸ್ವೀಕರಿಸುತ್ತಿದ್ದರು. ಸ್ವಪಕ್ಷ ಕೇಳಿದಾಗ ಬಾರದ ಸಂಶಯ, ಎದುರು ಪಕ್ಷ ಕೇಳಿದಾಗ ಬಂದರೆ ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ ಪಕ್ಷಪಾತದಂತೆ ಕಾಣುತ್ತದೆ. ಅವರ ಕೈಕಟ್ಟಿದ 74ನೇ ವಿಧಿಯ ಹಗ್ಗ ಹೊಸೆಯಲ್ಪಟ್ಟದ್ದು ಅವರೇ ಸಭಾಪತಿಯಾಗಿದ್ದ ಸದನದಲ್ಲಿ ಎಂಬುದು ವಿಧಿಯ ವ್ಯಂಗ್ಯ.

ಅದೇ ದಿನಗಳಲ್ಲಿ ನೆರೆಯ ಪಾಕಿಸ್ತಾನದಲ್ಲಿ ಏನಾಯಿತೆಂಬುದನ್ನು ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿಯ ರಾಷ್ಟ್ರಾಧ್ಯಕ್ಷ ಫಜಲ್ ಇಲಾಹಿ ಚೌಧರಿಯವರೂ ವಕೀಲರು, ಶಾಸನಸಭೆಗಳ ಮೆಟ್ಟಿಲು ಹತ್ತಿ ರಾಷ್ಟ್ರೀಯ ಅಸೆಂಬ್ಲಿಯ ಸ್ಪೀಕರ್ ಆಗಿ 1973ರಲ್ಲಿ ಅಧ್ಯಕ್ಷ ಪದವಿಗೆ ಬಂದವರು. ಆ ವರ್ಷದ ಸಂವಿಧಾನ ಅಧ್ಯಕ್ಷರ ಆದೇಶಕ್ಕೆ ಪ್ರಧಾನಿಯ ಸಹಿಯೂ ಬೇಕೆಂದು ವಿಧಿಸಿ ಅವರನ್ನು ಪೂರ್ಣವಾಗಿ ಕಟ್ಟಿಹಾಕಿತ್ತು. 1977ರ ಮಾರ್ಚ್‌ನಲ್ಲಿ ಅಲ್ಲಿಯೂ ಚುನಾವಣೆ ನಡೆಯಿತು. ಅಕ್ರಮದ ಆರೋಪದ ಮೇಲೆ ಬೀದಿ ಹೋರಾಟ ಎದ್ದಿತು. ಜುಲೈ 5ರಂದು ಜನರಲ್ ಜಿಯಾ ಉಲ್ ಹಕ್ ಅಧಿಕಾರ ಕಸಿದುಕೊಂಡರು. ಚೌಧರಿಯವರು 1978ರ ಸೆಪ್ಟೆಂಬರ್‌ವರೆಗೆ ಹೆಸರಿಗೆ ಅಧ್ಯಕ್ಷರಾಗಿ ಉಳಿದರು, ಬಳಿಕ ಆ ಕುರ್ಚಿಯನ್ನೂ ಜನರಲ್ ತೆಗೆದುಕೊಂಡರು. ಇಬ್ಬರೂ ಮೃದು ಸ್ವಭಾವದ ಸಂಸದೀಯ ರಾಜಕಾರಣಿಗಳು. ಒಬ್ಬರ ಸಹಿಗಾಗಿ ಒಂದು ದೇಶ ಕಾದು ಕುಳಿತಿತು. ಇನ್ನೊಬ್ಬರ ಸಹಿ ಯಾರಿಗೂ ಬೇಕಾಗಲಿಲ್ಲ. ಭಾರತದಲ್ಲಿ ನ್ಯಾಯಾಲಯ, ಚುನಾವಣೆ, ಮಂತ್ರಿಮಂಡಲಗಳು ಜೀವಂತವಾಗಿದ್ದುದರಿಂದಲೇ ಜತ್ತಿಯವರ ಒಂದು ದಿನದ ಮೌನಕ್ಕೆ ಅರ್ಥವಿತ್ತು.

ಜತ್ತಿಯವರು ಹುಡುಕಿದ ಅವಕಾಶವನ್ನು ಮುಂದೆ ಸಂವಿಧಾನವೇ ಒದಗಿಸಿತು. 1978ರ 44ನೇ ತಿದ್ದುಪಡಿ, ಮಂತ್ರಿಮಂಡಲದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. ಕೊಟ್ಟದ್ದು ಅವರ ತಡಕ್ಕಾಗಿ ಕೆರಳಿದ್ದ ಜನತಾ ಸರಕಾರವೇ! ಅದನ್ನು ಬಳಸಿ ಕೆ.ಆರ್. ನಾರಾಯಣನ್ ಅವರು 1997ರಲ್ಲಿ ಉತ್ತರ ಪ್ರದೇಶದ, 1998ರಲ್ಲಿ ಬಿಹಾರದ ಸರಕಾರಗಳನ್ನು ವಜಾ ಮಾಡುವ ಶಿಫಾರಸುಗಳನ್ನು ಹಿಂದಕ್ಕೆ ಕಳುಹಿಸಿದರು. ಅವರ ಸರಕಾರವೇ ಆರಿಸಿದ ರಾಷ್ಟ್ರಪತಿ ಎಂಬ ಆಕ್ಷೇಪಕ್ಕೆ ಎಡೆಯಿಲ್ಲದಂತೆ, ಎರಡು ಬಾರಿ, ಎರಡು ಬೇರೆ ಬೇರೆ ಸರಕಾರಗಳಿಗೆ ಅವರು ಹಾಗೆ ಮಾಡಿದರು. ಇನ್ನೊಂದು ಬದಿಯಿಂದ, 1989ರ ಏಪ್ರಿಲ್‌ನಲ್ಲಿ ವಜಾಗೊಂಡ ನಮ್ಮದೇ ಉತ್ತರ ಕರ್ನಾಟಕದ ಎಸ್.ಆರ್. ಬೊಮ್ಮಾಯಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1994ರ ಮಾರ್ಚ್ 11ರಂದು ತೀರ್ಪು ಕೊಟ್ಟು, ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕೆಂದೂ ವಜಾ ಆದೇಶವನ್ನು ನ್ಯಾಯಾಲಯ ಪರಿಶೀಲಿಸಬಹುದೆಂದೂ ಸ್ಪಷ್ಟಪಡಿಸಿತು. 1973ರ ಭುವನೇಶ್ವರದ ತಪ್ಪಿಗೂ 1977ರ ದೆಹಲಿಯ ಗೊಂದಲಕ್ಕೂ ಒಟ್ಟಿಗೆ ದೊರೆತ ಉತ್ತರವದು. ಪ್ರಶ್ನೆಯನ್ನು ಬದುಕಿ ತೋರಿಸಿದವರು ಸಾವಳಗಿಯವರು, ಉತ್ತರವನ್ನು ಕೋರ್ಟಿನಿಂದ ತಂದವರು ಹುಬ್ಬಳ್ಳಿಯವರು.

1977ರ ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರಿಗೆ ಸ್ಥಾನ ಬಿಟ್ಟುಕೊಟ್ಟು ಜತ್ತಿಯವರು ಮತ್ತೆ ಉಪರಾಷ್ಟ್ರಪತಿ ನಿವಾಸಕ್ಕೆ ಮರಳಿದರು. 1979ರ ಆಗಸ್ಟ್‌ನಲ್ಲಿ ಅವಧಿ ಮುಗಿಸಿ ಬೆಂಗಳೂರಿಗೆ ಬಂದರು. ಉಳಿದ ಆಯುಷ್ಯವನ್ನು ಬಸವ ಸಮಿತಿಯ ಕೆಲಸದಲ್ಲಿ, ಓದಿನಲ್ಲಿ ಕಳೆದರು. 2002ರ ಜೂನ್ 7ರಂದು ತೀರಿಕೊಂಡರು. ಅಷ್ಟರಲ್ಲಿ ಅವರ ಜಿಲ್ಲೆಯೇ ಎರಡಾಗಿತ್ತು. 1997ರಲ್ಲಿ ಜಮಖಂಡಿ ಹೊಸ ಬಾಗಲಕೋಟೆ ಜಿಲ್ಲೆಗೆ ಹೋಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಇಂದು ವಿಜಯಪುರವೆಂದು ಕರೆಯುವ ಜಿಲ್ಲೆಯಲ್ಲಿ ಉಳಿದವು. ಗಡಿ ಬದಲಾದರೂ ಅವರು ಎರಡೂ ಜಿಲ್ಲೆಗಳ ಸೊತ್ತು.

ಇಂತಹ ಹಿರಿಯರಿಗೆ ಪ್ರತಿಮೆ ನಿಲ್ಲಿಸಿ, ವರ್ಷಕ್ಕೊಮ್ಮೆ ಹಾರ ಹಾಕಿ ಮರೆಯುವುದು ಸುಲಭ. ನಗುತ್ತ ಬದಿಗೆ ಸರಿಸುವುದು ಇನ್ನೂ ಸುಲಭ. ಜತ್ತಿಯವರಲ್ಲಿ ಆಸೆಬುರುಕತನವಿರಲಿಲ್ಲ, ಸಂಸ್ಥೆಗಳ ಬಗ್ಗೆ ಗೌರವವಿತ್ತು, ಗೇಣಿದಾರನ ಬಗ್ಗೆ ಕಾಳಜಿಯಿತ್ತು. ಇಲ್ಲದಿದ್ದದ್ದು ಒಂದೇ: ತನ್ನವರಿಗೆ ಇಲ್ಲ ಎನ್ನುವ ಧೈರ್ಯ. ಅದೊಂದು ಇದ್ದಿದ್ದರೆ ಅವರ ಒಂದು ದಿನದ ತಡ ನಮ್ಮ ಸಂಸದೀಯ ಚರಿತ್ರೆಯ ಹೆಮ್ಮೆಯ ಪುಟವಾಗುತ್ತಿತ್ತು. ಇಂದಿಗೂ ರಾಜಭವನಗಳಲ್ಲಿ ಮಸೂದೆಗಳು ಕೊಳೆಯುತ್ತವೆ, ಬಹುಮತದ ಎಣಿಕೆ ಸದನದ ಹೊರಗೆ ನಡೆಯುತ್ತದೆ, ಸಭಾಧ್ಯಕ್ಷರ ತೀರ್ಪುಗಳು ಪಕ್ಷದ ಬಣ್ಣ ಹೊತ್ತು ಬರುತ್ತವೆ. ಅಂತಹ ಪೀಠಗಳಲ್ಲಿ ಕುಳಿತವರೆಲ್ಲ ಒಂದು ದಿನ ಎದುರಾಳಿಯ ಸಲಹೆಯ ಮುಂದೆ ಸಂಶಯ ಪಡಬೇಕಾಗಿ ಬರಬಹುದು. ಆ ಸಂಶಯವನ್ನು ಜನ ನಂಬಬೇಕಾದರೆ, ಅದಕ್ಕೂ ಮೊದಲು ಸ್ವಪಕ್ಷದ ಸಲಹೆಯ ಮುಂದೆ ಒಮ್ಮೆಯಾದರೂ ಅವರ ಲೇಖನಿ ನಿಂತಿರಬೇಕು.